ಮಿಲ್ವಾಕಿ ನಗರಭವನದ ಸಮಾಜವಾದಿಗಳು

1910ರ ಏಪ್ರಿಲ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಮತದಾರರು ಎಮಿಲ್ ಸೈಡೆಲ್ ಎಂಬುವರನ್ನು ಮೇಯರ್ ಆಗಿ ಆರಿಸಿದರು. ಸೈಡೆಲ್ ಕಸುಬಿನಿಂದ ಮರದ ಕೆತ್ತನೆಗಾರರು. ಎರಕದ ಕಾರ್ಖಾನೆಗಳಿಗೆ ಬೇಕಾದ ಮರದ ಮಾದರಿಗಳನ್ನು ಮಾಡಿಕೊಡುತ್ತಿದ್ದವರು. ಹರೆಯದಲ್ಲಿ ಆರು ವರ್ಷ ಬರ್ಲಿನ್ನಿನಲ್ಲಿದ್ದು, ಕೈಕಸುಬಿನ ಜೊತೆಗೆ ಸಮಾಜವಾದವನ್ನೂ ಕಲಿತು ಬಂದಿದ್ದರು. ಅಮೆರಿಕದ ದೊಡ್ಡ ನಗರವೊಂದಕ್ಕೆ ಸಮಾಜವಾದಿ ಮೇಯರ್ ಬಂದದ್ದು ಅದೇ ಮೊದಲು. ಆಗ ಮಿಲ್ವಾಕಿಯ ಜನಸಂಖ್ಯೆ ಸುಮಾರು 3 ಲಕ್ಷ 74 ಸಾವಿರ. ದೇಶದ ಹನ್ನೆರಡನೆಯ ದೊಡ್ಡ ನಗರ. ನಗರಸಭೆಯ 35 ಸ್ಥಾನಗಳಲ್ಲಿ 21 ಅವರ ಸಮಾಜವಾದಿ ಪಕ್ಷಕ್ಕೆ ದಕ್ಕಿದವು. ಅದೇ ವರ್ಷದ ನವೆಂಬರ್‌ನಲ್ಲಿ ಪಕ್ಷದ ಸೂತ್ರಧಾರಿ ವಿಕ್ಟರ್ ಬರ್ಗರ್ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಗೆ ಆರಿಸಿಹೋದರು. ಆ ಸಭೆಗೆ ಸಮಾಜವಾದಿಯೊಬ್ಬರು ಕಾಲಿಟ್ಟದ್ದೂ ಅದೇ ಮೊದಲು.

ಅಲ್ಲಿಂದ 1960ರವರೆಗಿನ ಐವತ್ತು ವರ್ಷಗಳಲ್ಲಿ ಮೂವರು ಸಮಾಜವಾದಿಗಳು ಒಟ್ಟು 38 ವರ್ಷ ಈ ನಗರದ ಮೇಯರ್ ಆಗಿದ್ದರು. ಸೈಡೆಲ್ ಎರಡು ವರ್ಷ, ಡೇನಿಯಲ್ ಹೋನ್ 24 ವರ್ಷ, ಫ್ರಾಂಕ್ ಝೈಡ್ಲರ್ 12 ವರ್ಷ. ಒಬ್ಬ ವರ್ಚಸ್ವಿ ನಾಯಕನ ಗಾಳಿಯಲ್ಲಿ ಬಂದು ಹೋದ ಅಧಿಕಾರ ಇದಲ್ಲ. ಎರಡು ಮಹಾಯುದ್ಧಗಳು, ಒಂದು ಮಹಾ ಆರ್ಥಿಕ ಕುಸಿತ, ಎರಡು ಬಾರಿ ದೇಶವನ್ನು ಹಿಡಿದ ಕಮ್ಯುನಿಸ್ಟ್ ಭೀತಿ, ಇವೆಲ್ಲದರ ನಡುವೆ ಒಂದೇ ಊರಿನ ಜನ ಮತ್ತೆ ಮತ್ತೆ ಇವರನ್ನು ಆರಿಸಿದರು. ಏಕೆ ಆರಿಸಿದರು ಎಂಬುದನ್ನು ಭಾಷಣಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಊರಿನ ಕೊಳವೆಗಳಲ್ಲಿ, ಉದ್ಯಾನಗಳಲ್ಲಿ, ಬಜೆಟ್ಟಿನ ಪುಟಗಳಲ್ಲಿ ಉತ್ತರವಿದೆ.

ಬೇರುಗಳು ಜರ್ಮನಿಯಲ್ಲಿವೆ. 1848ರ ಕ್ರಾಂತಿ ಸೋತ ಮೇಲೆ ಅಲ್ಲಿಂದ ಹೊರಟ ಸುಶಿಕ್ಷಿತರು ಹಲವರು ಮಿಶಿಗನ್ ಸರೋವರದ ದಂಡೆಯ ಈ ಊರಿಗೆ ಬಂದು ನೆಲೆಸಿದರು. ಅವರ ಹಿಂದೆ ಕುಶಲಕರ್ಮಿಗಳು, ಕಾರ್ಮಿಕರು ಬಂದರು. ಬಿಯರ್ ಭಟ್ಟಿಗಳು, ಚರ್ಮ ಹದಮಾಡುವ ಕಾರ್ಖಾನೆಗಳು, ಯಂತ್ರದ ಕಾರ್ಖಾನೆಗಳು ಊರನ್ನು ಬೆಳೆಸಿದವು. ಗಾಯನ ಸಂಘ, ವ್ಯಾಯಾಮ ಸಂಘ, ಕಾರ್ಮಿಕ ಸಂಘ ಎಂದು ಕೂಡಿ ಬಾಳುವ ಅಭ್ಯಾಸ ಈ ಜನರಿಗೆ ಮೊದಲೇ ಇತ್ತು. 1886ರ ಮೇ 5ರಂದು ಎಂಟು ಗಂಟೆ ದುಡಿಮೆಯ ಹಕ್ಕಿಗಾಗಿ ಬೇ ವ್ಯೂ ಬಡಾವಣೆಯ ಉಕ್ಕಿನ ಕಾರ್ಖಾನೆಯತ್ತ ಮೆರವಣಿಗೆ ಹೊರಟ ಕಾರ್ಮಿಕರ ಮೇಲೆ, ಅವರಲ್ಲಿ ಪೋಲಿಷ್ ವಲಸಿಗರೇ ಹೆಚ್ಚು, ರಾಜ್ಯದ ಪಡೆ ಗುಂಡು ಹಾರಿಸಿತು. ಕನಿಷ್ಠ ಏಳು ಮಂದಿ ಸತ್ತರು; ಸತ್ತವರಲ್ಲಿ 13 ವರ್ಷದ ಹುಡುಗನೊಬ್ಬನೂ ಇದ್ದ. ಮತಪೆಟ್ಟಿಗೆಯನ್ನು ಹಿಡಿಯದೆ ದಾರಿಯಿಲ್ಲ ಎಂಬ ತಿಳಿವು ಮಿಲ್ವಾಕಿಯ ಕಾರ್ಮಿಕರಲ್ಲಿ ಗಟ್ಟಿಯಾದದ್ದು ಆ ದಿನದ ನಂತರ.

ಆ ತಿಳಿವಿಗೆ ಸಂಘಟನೆಯ ರೂಪ ಕೊಟ್ಟವರು ಬರ್ಗರ್. ಆಸ್ಟ್ರಿಯಾ-ಹಂಗೆರಿಯಿಂದ ಬಂದ ಇವರು ಶಾಲಾ ಮಾಸ್ತರರಾಗಿದ್ದು ಪತ್ರಿಕಾ ಸಂಪಾದಕರಾದವರು. ಪಕ್ಷ ಮತ್ತು ಕಾರ್ಮಿಕ ಸಂಘಗಳ ಒಕ್ಕೂಟ ಒಂದೇ ದೇಹದ ಎರಡು ತೋಳುಗಳು ಎಂಬ ನಿಲುವು ಅವರದು. ನಾಳೆಯೇ ಕ್ರಾಂತಿ ಆದೀತು ಎಂದು ಅವರು ಹೇಳಲಿಲ್ಲ. ಮೊದಲು ವಾರ್ಡು, ಆಮೇಲೆ ನಗರ, ಆಮೇಲೆ ರಾಜ್ಯ ಎಂದರು. ಪಕ್ಷದೊಳಗಿನ ಉಗ್ರರಿಗೆ ಇದು ಹಿಡಿಸಲಿಲ್ಲ. ಆದರೆ ಮಿಲ್ವಾಕಿಯಲ್ಲಿ ಈ ಹೆಜ್ಜೆಲೆಕ್ಕ ಫಲ ಕೊಟ್ಟಿತು.

ಫಲ ಕೊಡಲು ಎದುರಾಳಿಗಳೂ ನೆರವಾದರು. 1898ರಿಂದ, ನಡುವೆ ಎರಡು ವರ್ಷ ಬಿಟ್ಟು, 1910ರವರೆಗೆ ಮೇಯರ್ ಆಗಿದ್ದ ಡೇವಿಡ್ ರೋಸ್ ಅವರ ಆಡಳಿತದಲ್ಲಿ ಪರವಾನಗಿ ಬೇಕಾದವರು, ಗುತ್ತಿಗೆ ಬೇಕಾದವರು ಕೈಬಿಸಿ ಮಾಡದೆ ಕೆಲಸ ಆಗುತ್ತಿರಲಿಲ್ಲ. ವಿಚಾರಣಾ ಮಂಡಳಿಗಳು ಒಂದರ ಹಿಂದೊಂದು ಕುಳಿತು ನೂರಾರು ದೋಷಾರೋಪಗಳನ್ನು ಹೊರಿಸಿದವು. ಡೆಮಾಕ್ರಟಿಕ್, ರಿಪಬ್ಲಿಕನ್ ಪಕ್ಷಗಳೆರಡರವರೂ ಅದರಲ್ಲಿ ಸಿಕ್ಕಿಬಿದ್ದರು. ಕೈ ಶುದ್ಧವಿದ್ದ ಮೂರನೆಯ ಪಕ್ಷದ ಕಡೆಗೆ ಸಮಾಜವಾದಿಗಳಲ್ಲದ ಮತದಾರರೂ ತಿರುಗಿ ನೋಡತೊಡಗಿದರು.

ಅವರ ಪ್ರಚಾರದ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಣವಿಲ್ಲದ ಪಕ್ಷ, ದೊಡ್ಡ ಪತ್ರಿಕೆಗಳೆಲ್ಲ ವಿರೋಧಿ. ಚುನಾವಣೆಗೆ ಮುಂಚಿನ ಭಾನುವಾರಗಳಲ್ಲಿ ಬೆಳಕು ಹರಿಯುವ ಮೊದಲೇ ಸ್ವಯಂಸೇವಕರು ಕರಪತ್ರದ ಕಟ್ಟುಗಳನ್ನು ಹೊತ್ತು ಬೀದಿಗಿಳಿಯುತ್ತಿದ್ದರು. ವಾರವಿಡೀ ಕಾರ್ಖಾನೆಯಲ್ಲಿ ದುಡಿದವರೇ ಅವರು. ಯಾವ ಮನೆಯಲ್ಲಿ ಜರ್ಮನ್ ಓದುತ್ತಾರೆ, ಯಾವ ಮನೆಯಲ್ಲಿ ಪೋಲಿಷ್, ಯಾವ ಮನೆಯಲ್ಲಿ ಇಂಗ್ಲಿಷ್ ಎಂಬುದು ಅವರಿಗೆ ಗೊತ್ತಿತ್ತು. ಆಯಾ ಮನೆಯ ಬಾಗಿಲಿಗೆ ಆಯಾ ಭಾಷೆಯ ಪತ್ರ ಬೀಳುತ್ತಿತ್ತು. ಊರಿನ ಮಂದಿ ಇಗರ್ಜಿಗೆ ಹೊರಡುವ ಹೊತ್ತಿಗೆ ಇಡೀ ನಗರಕ್ಕೆ ಸುದ್ದಿ ಮುಟ್ಟಿರುತ್ತಿತ್ತು. ಕೂಲಿಗೆ ಜನ ಇಟ್ಟು ಪ್ರಚಾರ ಮಾಡುವ ಪಕ್ಷಗಳಿಂದ ಇದು ಸಾಧ್ಯವಿರಲಿಲ್ಲ. ಮನೆಮನೆಯ ಭಾಷೆ ತಿಳಿದವರು ಆ ಮನೆಯ ಕಷ್ಟವನ್ನೂ ತಿಳಿದಿರುತ್ತಾರೆ ಎಂಬ ನಂಬಿಕೆ ಹುಟ್ಟಿದ್ದು ಹೀಗೆ.

ಸೈಡೆಲ್ ಅವರಿಗೆ ಸಿಕ್ಕಿದ್ದು ಎರಡೇ ವರ್ಷ. ಅಷ್ಟರಲ್ಲಿ ಅವರು ಚದುರಿಹೋಗಿದ್ದ ಕಾಮಗಾರಿಗಳನ್ನು ಒಂದು ಲೋಕೋಪಯೋಗಿ ಇಲಾಖೆಯಡಿ ತಂದರು, ವೇಶ್ಯಾಗೃಹಗಳನ್ನು ಮುಚ್ಚಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಕಾಮನ್ಸ್ ಅವರನ್ನು ಕರೆಸಿ ಮಿತವ್ಯಯ ಮತ್ತು ದಕ್ಷತೆಯ ವಿಭಾಗ ತೆರೆದರು. ಕಸ ಸಾಗಿಸುವುದಕ್ಕೆ ಎಷ್ಟು ಖರ್ಚು, ನೀರಿನಲ್ಲಿ ಎಷ್ಟು ಸೋರಿಕೆ ಎಂದು ಲೆಕ್ಕ ಹಾಕುವ ಕೆಲಸ ಅದರದ್ದು. ಮೇಯರ್ ಕಚೇರಿಯ ಕಾರ್ಯದರ್ಶಿಯಾಗಿದ್ದ ತರುಣ ಕಾರ್ಲ್ ಸ್ಯಾಂಡ್‌ಬರ್ಗ್; ಮುಂದೆ ಅಮೆರಿಕದ ದೊಡ್ಡ ಕವಿಗಳಲ್ಲಿ ಒಬ್ಬರೆನಿಸಿದವರು. 1912ರಲ್ಲಿ ಎರಡೂ ಹಳೆಯ ಪಕ್ಷಗಳು ಒಂದಾಗಿ ವೈದ್ಯ ಗೆರ್ಹಾರ್ಡ್ ಬಾಡಿಂಗ್ ಅವರನ್ನು ನಿಲ್ಲಿಸಿದವು. ಸೈಡೆಲ್ ಅವರಿಗೆ ಹಿಂದಿನ ಸಲಕ್ಕಿಂತ ಹೆಚ್ಚು ಮತ ಬಿದ್ದರೂ ಸೋತರು. ನಗರ ಚುನಾವಣೆಗಳಲ್ಲಿ ಪಕ್ಷದ ಹೆಸರೇ ಇರಕೂಡದು ಎಂದು ರಾಜ್ಯ ಶಾಸನಸಭೆ ಕಾನೂನು ತಂದದ್ದೂ ಆಗಲೇ. ಸಮಾಜವಾದಿಗಳನ್ನು ಕಟ್ಟಿಹಾಕಲೆಂದೇ ಮಾಡಿದ ಕಾನೂನು ಅದು. ಅದೇ ವರ್ಷ ಸೈಡೆಲ್, ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯೂಜಿನ್ ಡೆಬ್ಸ್ ಅವರ ಜೊತೆ ದೇಶದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದರು. ಆ ಜೋಡಿಗೆ ಸುಮಾರು 9 ಲಕ್ಷ ಮತ ಬಂದವು. ಚಲಾವಣೆಯಾದ ಮತಗಳಲ್ಲಿ ಶೇಕಡಾ 6.

ಆ ಕಾಲದಲ್ಲಿ ಮಿಲ್ವಾಕಿ ಒಂಟಿಯಾಗಿರಲಿಲ್ಲ. ಮೊಟ್ಟಮೊದಲ ಸಮಾಜವಾದಿ ಮೇಯರ್ 1898ರಲ್ಲಿ ಮ್ಯಾಸಚೂಸೆಟ್ಸ್‌ನ ಪಾದರಕ್ಷೆ ತಯಾರಿಕೆಯ ಊರಾದ ಹೇವರಿಲ್‌ನಲ್ಲಿ ಗೆದ್ದ ಜಾನ್ ಚೇಸ್. 1911-12ರ ಹೊತ್ತಿಗೆ ಎಪ್ಪತ್ತಕ್ಕೂ ಹೆಚ್ಚು ಊರುಗಳಲ್ಲಿ ಸಮಾಜವಾದಿ ಮೇಯರ್‌ಗಳಿದ್ದರು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಪಾದ್ರಿ ಜಾರ್ಜ್ ಲನ್ ಗೆದ್ದರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಹೆಸರಾಂತ ಎಂಜಿನಿಯರ್ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಅಲ್ಲಿನ ಶಿಕ್ಷಣ ಮಂಡಳಿಯ ಅಧ್ಯಕ್ಷರಾದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ, ಮೊಂಟಾನಾದ ಗಣಿಪಟ್ಟಣ ಬ್ಯೂಟ್, ಆಮೇಲೆ ಮಿನಿಯಾಪೊಲಿಸ್, ಪೆನ್ಸಿಲ್ವೇನಿಯಾದ ರೆಡಿಂಗ್ ಹೀಗೆ ಪಟ್ಟಿ ಉದ್ದವಿದೆ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಚಾವಣಿ ಹೊದಿಸುವ ಕೆಲಸಗಾರ ಜಾಸ್ಪರ್ ಮೆಕ್‌ಲೆವಿ 1933ರಿಂದ 1957ರವರೆಗೆ ಮೇಯರ್ ಆಗಿದ್ದರು. ಬಹಳ ಕಡೆ ಒಂದೆರಡು ಅವಧಿಗೇ ಕತೆ ಮುಗಿಯಿತು. ಮಿಲ್ವಾಕಿಯಲ್ಲಿ ಮುಗಿಯದಿರಲು ಮುಖ್ಯ ಕಾರಣ ಡೇನಿಯಲ್ ಹೋನ್.

ಹೋನ್ ವಕೀಲರು. 1910ರ ಅಲೆಯಲ್ಲಿ ನಗರದ ಸರ್ಕಾರಿ ವಕೀಲರಾಗಿ ಆರಿಸಿಬಂದು, 1912ರ ಸೋಲಿನ ನಂತರವೂ ಆ ಸ್ಥಾನ ಉಳಿಸಿಕೊಂಡು, ಟ್ರಾಮ್ ಮತ್ತು ವಿದ್ಯುತ್ ಕಂಪನಿಯ ಜೊತೆ ವರ್ಷಗಟ್ಟಲೆ ಕೋರ್ಟಿನಲ್ಲಿ ಸೆಣಸಿದವರು. 1916ರಲ್ಲಿ ಮೇಯರ್ ಆದರು. ಅವರ 24 ವರ್ಷಗಳಲ್ಲಿ ಒಮ್ಮೆಯೂ ನಗರಸಭೆಯಲ್ಲಿ ಅವರ ಪಕ್ಷಕ್ಕೆ ಬಹುಮತ ಇರಲಿಲ್ಲ. ಇದನ್ನು ನೆನಪಿನಲ್ಲಿಡಬೇಕು. ಆಗ ಮಿಲ್ವಾಕಿಯ ಮೇಯರ್‌ಗೆ ಅಧಿಕಾರ ಕಡಿಮೆ ಇತ್ತು. ಮಂಡಳಿಗಳೂ ಸಮಿತಿಗಳೂ ನಗರಸಭೆಯೂ ಒಪ್ಪದೆ ಕಡತ ಕದಲುತ್ತಿರಲಿಲ್ಲ. ಹೋನ್ ಗೆದ್ದದ್ದು ಅಂಕಿಅಂಶ ಮುಂದಿಟ್ಟು, ಒಬ್ಬೊಬ್ಬ ಸದಸ್ಯರನ್ನೂ ಒಪ್ಪಿಸಿ, ಒಪ್ಪದಿದ್ದಾಗ ಜನರ ಮುಂದೆ ಹೋಗಿ. ಇಷ್ಟು ತಾಳ್ಮೆಯ ರಾಜಕಾರಣಕ್ಕೆ ಇತಿಹಾಸದ ಪುಸ್ತಕಗಳಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ.

ಜೋನ್ಸ್ ಐಲೆಂಡ್‌ನ ಕೊಳಚೆ ಶುದ್ಧೀಕರಣ ಘಟಕವನ್ನೇ ನೋಡೋಣ. ಮಿಲ್ವಾಕಿ, ಮೆನಾಮನಿ, ಕಿನಿಕಿನಿಕ್ ಎಂಬ ಮೂರು ನದಿಗಳು ಊರಿನೊಳಗೆ ಕೂಡಿ ಮಿಶಿಗನ್ ಸರೋವರ ಸೇರುತ್ತವೆ. ಮನೆಗಳ ಚರಂಡಿ, ಚರ್ಮದ ಕಾರ್ಖಾನೆ, ಕಸಾಯಿಖಾನೆ, ಬಿಯರ್ ಭಟ್ಟಿ ಎಲ್ಲದರ ಹೊಲಸೂ ಆ ನದಿಗಳಿಗೆ, ಅಲ್ಲಿಂದ ಸರೋವರಕ್ಕೆ. ಊರಿನ ಕುಡಿಯುವ ನೀರು ಬರುತ್ತಿದ್ದದ್ದೂ ಅದೇ ಸರೋವರದಿಂದ. ವಿಷಮಶೀತಜ್ವರ ಬಂದಾಗ ಮೊದಲು ಸಾಯುತ್ತಿದ್ದವರು ಇಕ್ಕಟ್ಟಿನ ಮನೆಗಳಲ್ಲಿದ್ದ ಕಾರ್ಮಿಕರ ಮಕ್ಕಳು. 1913ರಲ್ಲಿ ಒಳಚರಂಡಿ ಆಯೋಗ ಸ್ಥಾಪನೆಯಾಯಿತು. ಕೊಳಚೆಯೊಳಗೆ ಗಾಳಿ ಹಾಯಿಸಿ, ಅದರಲ್ಲಿರುವ ಸೂಕ್ಷ್ಮಜೀವಿಗಳಿಂದಲೇ ಹೊಲಸನ್ನು ತಿನ್ನಿಸಿ, ಗಸಿಯನ್ನು ತಳಕ್ಕಿಳಿಸಿ ನೀರನ್ನು ಬೇರ್ಪಡಿಸುವ ವಿಧಾನ 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಪ್ರಕಟವಾದ ಕೂಡಲೇ ಮಿಲ್ವಾಕಿಯ ಎಂಜಿನಿಯರುಗಳು ಅದರ ಪ್ರಯೋಗಕ್ಕಿಳಿದರು. ದೊಡ್ಡ ನಗರವೊಂದಕ್ಕೆ ಸಾಕಾಗುವ ಪ್ರಮಾಣದಲ್ಲಿ ಆ ವಿಧಾನದ ಘಟಕ ಕಟ್ಟುವುದು ಆಗ ಧೈರ್ಯದ ಕೆಲಸ. ಹೋನ್ ಅವರ ಆಡಳಿತದಲ್ಲಿ, 1925ರಲ್ಲಿ, ಘಟಕ ಶುರುವಾಯಿತು.

ತಳದಲ್ಲಿ ಉಳಿಯುವ ಗಸಿಯನ್ನು ಎಲ್ಲಿ ಹಾಕುವುದು? ವಿಶ್ವವಿದ್ಯಾಲಯದ ಸಂಶೋಧಕರ ನೆರವಿನಿಂದ ಅದನ್ನು ಸೋಸಿ, ಒಣಗಿಸಿ, ಹುಲ್ಲುಹಾಸುಗಳಿಗೂ ಗಾಲ್ಫ್ ಮೈದಾನಗಳಿಗೂ ಗೊಬ್ಬರವಾಗಿ ಮಾರುವ ವ್ಯವಸ್ಥೆಯಾಯಿತು. 1926ರಿಂದ ಮಿಲಾರ್ಗನೈಟ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಯಲ್ಲಿದೆ. ಇಂದಿಗೂ ಅಮೆರಿಕದ ಗೊಬ್ಬರದಂಗಡಿಗಳಲ್ಲಿ ಆ ಚೀಲ ಸಿಗುತ್ತದೆ. ಊರಿನ ಹೊಲಸು ಖಾಸಗಿಯವರ ಲಾಭಕ್ಕೆ ಹೋಗದೆ ಊರಿನ ಬೊಕ್ಕಸಕ್ಕೇ ಆದಾಯವಾಯಿತು.

ಈ ಸಾಧನೆಯ ಅಡಿಯಲ್ಲಿ ಇನ್ನೊಂದು ಸಂಗತಿಯಿದೆ. ಜೋನ್ಸ್ ಐಲೆಂಡ್ ಖಾಲಿ ಜಾಗವಾಗಿರಲಿಲ್ಲ. 1870ರ ದಶಕದಿಂದ ಬಾಲ್ಟಿಕ್ ತೀರದ ಕಶುಬಿಯನ್ ಮೀನುಗಾರ ಕುಟುಂಬಗಳು ಅಲ್ಲಿ ಗುಡಿಸಲು ಕಟ್ಟಿ, ಬಲೆ ಹರಡಿ ಬದುಕುತ್ತಿದ್ದವು. ಅವರ ಕೈಯಲ್ಲಿ ಹಕ್ಕುಪತ್ರವಿರಲಿಲ್ಲ. ಬಂದರಿಗೂ ಶುದ್ಧೀಕರಣ ಘಟಕಕ್ಕೂ ಜಾಗ ಬೇಕಾದಾಗ ನಗರ ಅವರನ್ನು ಹಂತಹಂತವಾಗಿ ಎಬ್ಬಿಸಿತು. 1940ರ ದಶಕದಲ್ಲಿ ಕೊನೆಯ ಮನೆಯೂ ಹೋಯಿತು. ಈಗ ಆ ಹಳ್ಳಿಯ ನೆನಪಿಗೆ ಉಳಿದಿರುವುದು ಕೈಯಗಲದ ಒಂದು ಉದ್ಯಾನ. ಬಡವರ ಪಕ್ಷವೆಂದು ಹೇಳಿಕೊಂಡವರ ಆಡಳಿತದಲ್ಲೇ ಇದು ನಡೆಯಿತು. ಅವರ ಗುಣಗಾನ ಮಾಡುವಾಗ ಇದನ್ನು ಬಿಟ್ಟು ಬರೆದರೆ ಇತಿಹಾಸಕ್ಕೆ ಅನ್ಯಾಯ ಮಾಡಿದಂತೆ.

ಹೋನ್ ಕಾಲದ ಉಳಿದ ಕೆಲಸಗಳೂ ಸಣ್ಣವಲ್ಲ. 1921ರಿಂದ 1923ರ ನಡುವೆ ಗಾರ್ಡನ್ ಹೋಮ್ಸ್ ಎಂಬ ಸಹಕಾರಿ ವಸತಿ ಬಡಾವಣೆ ಎದ್ದಿತು, 105 ಮನೆಗಳು. ನಗರವೇ ಮುಂದೆ ನಿಂತು ಕಟ್ಟಿಸಿದ ಇಂಥ ಸಹಕಾರಿ ವಸತಿ ಅಮೆರಿಕದಲ್ಲಿ ಮೊದಲನೆಯದು. ಕೆಲವೇ ವರ್ಷಗಳಲ್ಲಿ ನಿವಾಸಿಗಳೇ ಸ್ವಂತ ಹೆಸರಿನ ಹಕ್ಕು ಕೇಳಿ ಪಡೆದುಕೊಂಡರು. ಸಹಕಾರದ ಆದರ್ಶ ಅಲ್ಲಿ ನಿಲ್ಲಲಿಲ್ಲ, ಮನೆಗಳು ನಿಂತವು. ಹೂಗಿಡದ ವ್ಯಾಪಾರಿಯಾಗಿದ್ದ ಸಮಾಜವಾದಿ ಚಾರ್ಲ್ಸ್ ವಿಟ್ನಾಲ್ ನದಿಗಳ ಇಕ್ಕೆಲಗಳ ನೆಲವನ್ನು ಸಾರ್ವಜನಿಕರಿಗಾಗಿ ಉಳಿಸುವ ಉದ್ಯಾನ ಯೋಜನೆಯನ್ನು 1923ರಲ್ಲಿ ರೂಪಿಸಿದರು. ಸರೋವರದ ದಂಡೆ ಶ್ರೀಮಂತರ ಬೇಲಿಯೊಳಗೆ ಸಿಕ್ಕಿಹಾಕಿಕೊಳ್ಳಬಾರದು ಎಂಬ ಹಟ ಈ ಪಕ್ಷದ್ದಾಗಿತ್ತು. ಸಂಜೆಯಾದ ಮೇಲೆ ಶಾಲೆಗಳ ದೀಪ ಹಚ್ಚಿ, ಕೆಲಸ ಮುಗಿಸಿ ಬಂದ ದೊಡ್ಡವರಿಗೆ ಓದು, ಹಾಡು, ಆಟ, ಹೊಲಿಗೆ ಕಲಿಸುವ ಮನರಂಜನಾ ವಿಭಾಗವನ್ನು ಡೊರೊಥಿ ಎಂಡೆರಿಸ್ ಎಂಬ ಶಿಕ್ಷಕಿ 1920ರಿಂದ 1948ರವರೆಗೆ ನಡೆಸಿದರು. ಇತರ ನಗರಗಳವರು ಬಂದು ನೋಡಿ ಕಲಿತು ಹೋಗುವಂತಿತ್ತು ಆ ವ್ಯವಸ್ಥೆ.

ಇನ್ನು ಹಣಕಾಸು. ಸಮಾಜವಾದಿಗಳೆಂದರೆ ಬೊಕ್ಕಸ ಬರಿದು ಮಾಡುವವರು ಎಂಬ ಆರೋಪಕ್ಕೆ ಮಿಲ್ವಾಕಿ ಪೂರ್ತಿ ವಿರುದ್ಧದ ಉದಾಹರಣೆ. ಸಾಲದ ಬಡ್ಡಿ ಎಂದರೆ ಕಾರ್ಮಿಕರ ಕಂದಾಯವನ್ನು ಬ್ಯಾಂಕಿನವರಿಗೆ ಒಪ್ಪಿಸುವುದು ಎಂದು ನಂಬಿದವರು ಇವರು. 1923ರಲ್ಲಿ ಸಾಲ ತೀರಿಸಲೆಂದೇ ಒಂದು ನಿಧಿ ತೆರೆದರು. 1930ರ ದಶಕದ ಕುಸಿತದಲ್ಲಿ ಕಂದಾಯ ಬಾಕಿ ಬಿದ್ದು ಅಮೆರಿಕದ ಎಷ್ಟೋ ನಗರಗಳು ಕೈಯೆತ್ತಿದಾಗ ಮಿಲ್ವಾಕಿ ಸಣ್ಣ ಮೊತ್ತದ ಬಾಂಡುಗಳನ್ನು ಹೊರಡಿಸಿ ನೌಕರರಿಗೆ ಸಂಬಳ ಕೊಟ್ಟು ನಿಭಾಯಿಸಿತು. 1936ರ ಏಪ್ರಿಲ್‌ನಲ್ಲಿ ಟೈಮ್ ಪತ್ರಿಕೆ ಹೋನ್ ಅವರ ಚಿತ್ರವನ್ನು ಮುಖಪುಟದಲ್ಲಿ ಹಾಕಿತು.

ಮೊದಲ ಮಹಾಯುದ್ಧದ ಕಾಲದ ಒತ್ತಡ ಬೇರೆಯೇ. 1917ರಲ್ಲಿ ಸಮಾಜವಾದಿ ಪಕ್ಷ ಯುದ್ಧವನ್ನು ವಿರೋಧಿಸಿತು. ಜರ್ಮನ್ ಮೂಲದ ಊರು ಎಂಬ ಅನುಮಾನವೂ ಸೇರಿಕೊಂಡಿತು. ಬರ್ಗರ್ ಅವರ ದಿನಪತ್ರಿಕೆ ಮಿಲ್ವಾಕಿ ಲೀಡರ್‌ಗೆ ಅಂಚೆಯ ರಿಯಾಯಿತಿ ದರ ರದ್ದಾಯಿತು. ಬರ್ಗರ್ ಅವರಿಗೆ 1919ರಲ್ಲಿ 20 ವರ್ಷದ ಸೆರೆವಾಸ ವಿಧಿಸಲಾಯಿತು. ಮತದಾರರು ಆರಿಸಿ ಕಳಿಸಿದರೂ ಪ್ರತಿನಿಧಿ ಸಭೆ ಅವರನ್ನು ಎರಡು ಬಾರಿ ಒಳಗೆ ಬಿಡಲಿಲ್ಲ. 1921ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಮಾಡಿತು. ಜನ ಅವರನ್ನು ಮತ್ತೆ ಮೂರು ಸಲ ಆರಿಸಿದರು. ಹೋನ್ ಮೇಯರ್ ಹೊಣೆ ಬಿಡದೆ, ಪಕ್ಷವನ್ನೂ ತೊರೆಯದೆ 1918ರ ಚುನಾವಣೆ ಗೆದ್ದರು. ಯುದ್ಧ ಮುಗಿದು ಬೆಲೆ ಗಗನಕ್ಕೇರಿದಾಗ ಸೈನ್ಯದಲ್ಲಿ ಉಳಿದ ಆಹಾರ ಪದಾರ್ಥಗಳನ್ನು ನಗರವೇ ಕೊಂಡು ಅಸಲು ಬೆಲೆಗೆ ಜನರಿಗೆ ಮಾರಿತು.

ಪಕ್ಷದೊಳಗೇ ಇವರನ್ನು ಹಗುರವಾಗಿ ಕಂಡವರಿದ್ದರು. 1932ರಲ್ಲಿ ಮಿಲ್ವಾಕಿಯಲ್ಲೇ ಸೇರಿದ ಪಕ್ಷದ ಸಮಾವೇಶದಲ್ಲಿ ನ್ಯೂಯಾರ್ಕಿನ ಮುಖಂಡ ಮಾರಿಸ್ ಹಿಲ್‌ಕ್ವಿಟ್ ಇವರನ್ನು ಚರಂಡಿ ಸಮಾಜವಾದಿಗಳು ಎಂದು ಹಂಗಿಸಿದರು. ಮಿಲ್ವಾಕಿಯವರು ಅದನ್ನು ಬಿರುದಿನಂತೆ ಉಳಿಸಿಕೊಂಡರು. ಆ ಮೂದಲಿಕೆಯಲ್ಲಿ ಒಂದಿಷ್ಟು ಹುರುಳಿತ್ತು ಎಂದೂ ಒಪ್ಪಬೇಕು. ವಿದ್ಯುತ್ತನ್ನೂ ಟ್ರಾಮನ್ನೂ ನಗರದ ಒಡೆತನಕ್ಕೆ ತರುವುದು ಪಕ್ಷದ ಹಳೆಯ ಗುರಿ. ಹೋನ್ ಅವರಿಂದ ಅದು ಆಗಲೇ ಇಲ್ಲ.

1940ರಲ್ಲಿ ಹೋನ್ ಸೋತದ್ದು ಕಾರ್ಲ್ ಝೈಡ್ಲರ್ ಎಂಬ ಸಮಾಜವಾದಿಯಲ್ಲದ ತರುಣನ ಕೈಯಲ್ಲಿ. ಕಾರ್ಲ್ ನೌಕಾಪಡೆ ಸೇರಿ 1942ರಲ್ಲಿ ಸಮುದ್ರದಲ್ಲಿ ಮಡಿದರು. 1948ರಲ್ಲಿ ಅದೇ ಮನೆಯ ತಮ್ಮ ಫ್ರಾಂಕ್ ಝೈಡ್ಲರ್ ಮೇಯರ್ ಆದರು. ಇವರು ಬದ್ಧ ಸಮಾಜವಾದಿ; ಭೂಮಾಪಕರು; ಆರೋಗ್ಯ ಕೈಕೊಟ್ಟು ಕಾಲೇಜು ಬಿಟ್ಟ ಮೇಲೆ ಸಾರ್ವಜನಿಕ ಗ್ರಂಥಾಲಯದಲ್ಲೇ ಓದಿ ಬೆಳೆದವರು; ದೈವಭಕ್ತ ಲೂಥರನ್ ಕ್ರೈಸ್ತರು. ಸೆನೆಟರ್ ಜೋಸೆಫ್ ಮೆಕಾರ್ಥಿ ಕಮ್ಯುನಿಸ್ಟ್ ಬೇಟೆಗೆ ಹೊರಟ ಕಾಲದಲ್ಲಿ, ಅದೇ ಮೆಕಾರ್ಥಿಯ ರಾಜ್ಯದಲ್ಲಿ, ತನ್ನನ್ನು ಸಮಾಜವಾದಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡು ಮೂರು ಚುನಾವಣೆ ಗೆಲ್ಲಲು ಎಂಥ ಪ್ರಾಮಾಣಿಕತೆ ಬೇಕು! ಅವರ ಕಾಲದಲ್ಲಿ ಸುತ್ತಲಿನ ಪ್ರದೇಶಗಳನ್ನು ಸೇರಿಸಿಕೊಂಡು ನಗರದ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಸಾರ್ವಜನಿಕ ವಸತಿ, ಗ್ರಂಥಾಲಯಗಳು, ಶೈಕ್ಷಣಿಕ ಟೆಲಿವಿಷನ್ ಕೇಂದ್ರ ಬೆಳೆದವು.

ಝೈಡ್ಲರ್ ಅವರನ್ನು ಬಳಲಿಸಿದ್ದು ವರ್ಣದ ಪ್ರಶ್ನೆ. 1950ರಲ್ಲಿ ಸುಮಾರು 22 ಸಾವಿರವಿದ್ದ ಕರಿಯರ ಸಂಖ್ಯೆ 1960ಕ್ಕೆ 62 ಸಾವಿರ ದಾಟಿತು. ಅವರಿಗೆ ಮನೆ ಸಿಗುತ್ತಿದ್ದದ್ದು ಊರಿನ ಒಂದೇ ಹಳೆಯ ಭಾಗದಲ್ಲಿ. ಅವರಿಗೂ ಯೋಗ್ಯ ವಸತಿ ಬೇಕೆಂದ ಮೇಯರ್ ಮೇಲೆ 1956ರ ಚುನಾವಣೆಯಲ್ಲಿ ಹೊಲಸು ಪಿಸುಮಾತು ಹಬ್ಬಿತು: ದಕ್ಷಿಣದ ರಾಜ್ಯಗಳಲ್ಲಿ ಫಲಕ ಹಾಕಿಸಿ ಕರಿಯರನ್ನು ಮಿಲ್ವಾಕಿಗೆ ಕರೆಸುತ್ತಿದ್ದಾರೆ ಎಂದು. ಅದು ಶುದ್ಧ ಸುಳ್ಳು. ಗೆದ್ದರೂ ಸೊರಗಿದ ಅವರು 1960ರಲ್ಲಿ ಆರೋಗ್ಯದ ಕಾರಣ ನೀಡಿ ಸ್ಪರ್ಧಿಸಲಿಲ್ಲ. 1955ರಲ್ಲಿ ರಾಜ್ಯ ತಂದ ಕಾನೂನಿನಿಂದ ಓಕ್ ಕ್ರೀಕ್‌ನಂಥ ಪ್ರದೇಶಗಳು ಸ್ವತಂತ್ರ ಊರುಗಳಾಗಿ ನಗರವನ್ನು ಸುತ್ತುಗಟ್ಟಿದ್ದವು. ಬಿಳಿಯರು ಅಲ್ಲಿಗೆ ಹೊರಟರು, ಬಡತನ ನಗರದಲ್ಲೇ ಉಳಿಯಿತು. ಈ ವಿಷಯದಲ್ಲಿ ಪಕ್ಷದ ಹಳೆಯ ತಲೆಮಾರೂ ನಿರ್ದೋಷಿಯಲ್ಲ. ಕರಿಯರನ್ನು ಕೀಳು ಜನಾಂಗವೆಂದು ಬರ್ಗರ್ 1902ರಲ್ಲೇ ಬರೆದಿದ್ದರು. ಬರ್ಗರ್‌ರಿಂದ ಝೈಡ್ಲರ್‌ವರೆಗೆ ಪಕ್ಷ ನಡೆದು ಬಂದ ದೂರ ದೊಡ್ಡದು. ಆದರೆ ಮಾರ್ಗ ಬದಲಾಗುವ ಹೊತ್ತಿಗೆ ಪಕ್ಷದಲ್ಲಿ ಜನ ಉಳಿದಿರಲಿಲ್ಲ. ಕಾರ್ಮಿಕ ಸಂಘಗಳು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಿಂದ ಡೆಮಾಕ್ರಟಿಕ್ ಪಕ್ಷದ ಕಡೆ ವಾಲಿದ್ದವು. 1941ರಲ್ಲಿ ಹೋನ್ ಕೂಡ ಪಕ್ಷ ಬಿಟ್ಟು, ಆಮೇಲೆ ಅತ್ತ ಹೋಗಿದ್ದರು.

ಝೈಡ್ಲರ್ 2006ರ ಜುಲೈ 7ರಂದು, 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಸಾಧಾರಣವಾದ ಹಳೆಯ ಮನೆಯಲ್ಲೇ ಇದ್ದರು. ಈ ಬಗೆಯ ರಾಜಕಾರಣ ಮಿಲ್ವಾಕಿಗೇ ಮುಗಿಯಲಿಲ್ಲ. 1981ರಲ್ಲಿ ವರ್ಮಾಂಟ್‌ನ ಬರ್ಲಿಂಗ್ಟನ್ ಎಂಬ ಪುಟ್ಟ ನಗರದಲ್ಲಿ ಕೇವಲ 10 ಮತಗಳಿಂದ ಗೆದ್ದ ಸಮಾಜವಾದಿ ಬರ್ನಿ ಸ್ಯಾಂಡರ್ಸ್ ಎಂಟು ವರ್ಷ ಮೇಯರ್ ಆಗಿ ಹಿಮ ತೆಗೆಸುವುದು, ಸರೋವರದ ದಂಡೆ ಉಳಿಸುವುದು, ಕೈಗೆಟಕುವ ಮನೆ ಕಟ್ಟಿಸುವುದು ಇವುಗಳನ್ನೇ ಹಿಡಿದು ನಡೆದರು. 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ನಗರ ಜೊಹ್ರಾನ್ ಮಮ್ದಾನಿಯವರನ್ನು ಮೇಯರ್ ಆಗಿ ಆರಿಸಿತು. ಚಿತ್ರನಿರ್ದೇಶಕಿ ಮೀರಾ ನಾಯರ್ ಅವರ ಮಗನಾದ ಇವರು ಪ್ರಜಾಸತ್ತಾತ್ಮಕ ಸಮಾಜವಾದಿ. ಗೆಲುವಿನ ಭಾಷಣದಲ್ಲಿ ಡೆಬ್ಸ್ ಅವರನ್ನೂ ನೆಹರೂ ಅವರನ್ನೂ ನೆನೆದರು. ಅವರ ಮುಂದಿರುವುದೂ ಬಸ್ಸು, ಬಾಡಿಗೆ, ಕೂಸುಗಳ ಪಾಲನೆಯ ಪ್ರಶ್ನೆಗಳೇ.

ಈ ಸಂಚಿಕೆಯ ಓದುಗರಲ್ಲಿ ಮಿಲ್ವಾಕಿ, ಷಿಕಾಗೋ ಸುತ್ತಮುತ್ತ ನೆಲೆಸಿರುವ ಕನ್ನಡಿಗರೂ ಇದ್ದಾರೆ. ಅವರಲ್ಲಿ ಒಂದು ಕೋರಿಕೆ. ಹೋನ್ ಅವರ ಕಾಗದಪತ್ರಗಳು ಮಿಲ್ವಾಕಿ ಕೌಂಟಿಯ ಇತಿಹಾಸ ಸಂಘದಲ್ಲಿವೆ. ಝೈಡ್ಲರ್ ಅವರ ಕಾಗದಪತ್ರಗಳು ಅವರು ಓದಿ ಬೆಳೆದ ಸಾರ್ವಜನಿಕ ಗ್ರಂಥಾಲಯದಲ್ಲೇ ಇವೆ. ಪ್ರೌಢಶಾಲೆಯಲ್ಲಿ ಓದುವ ಮಕ್ಕಳಿದ್ದರೆ ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ ನೋಡಿ. ಅಲ್ಲಿ ಮೇಯರ್ ಚುನಾವಣೆ ಈಗಲೂ ಏಪ್ರಿಲ್‌ನಲ್ಲೇ ನಡೆಯುತ್ತದೆ, ಪಕ್ಷದ ಹೆಸರಿಲ್ಲದೆಯೇ ನಡೆಯುತ್ತದೆ. ಮತದ ಹಕ್ಕಿರುವವರು ಆ ದಿನ ತಪ್ಪದೆ ಹೋಗಿ ಮತ ಹಾಕಿ.